ಮರೆತ ಪಾಸ್‌ವರ್ಡೂ ಮನೆಯ ಗಣಕಯಂತ್ರವೂ

ಮನೆಯ ಗಣಕಯಂತ್ರದ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಮರೆತವರೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಅದನ್ನು ಮರಳಿ ಪಡೆಯುವುದು ಹೇಗೆ?" ಪ್ರಶ್ನೆ ಸಹಜವಾದುದು. ಯಂತ್ರ ನಮ್ಮದು, ಹಣ ತೆತ್ತವರು ನಾವು, ಅದರೊಳಗಿನ ಚಿತ್ರಗಳೂ ಬರಹಗಳೂ ನಮ್ಮವು. ಹೀಗಿರುವಾಗ ನಾವೇ ಇಟ್ಟ ಪದವೊಂದನ್ನು ಯಂತ್ರವು ನಮಗೆ ಏಕೆ ತಿಳಿಸಬಾರದು? ಇದಕ್ಕೆ ಯಾವುದೋ ಒಂದು ಜಾಣ ಉಪಾಯವಿದೆಯೆಂದೂ, ಅದನ್ನು ಬಲ್ಲವರನ್ನು ಹುಡುಕುವುದಷ್ಟೇ ಉಳಿದ ಕೆಲಸವೆಂದೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಂಬಿದ್ದಾರೆ. ಈ ನಂಬಿಕೆ ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದು ದಿನದಿಂದ ದಿನಕ್ಕೆ ಸುಳ್ಳಾಗುತ್ತಿದೆ. ಈ ಬದಲಾವಣೆಯನ್ನು ಅರಿಯದಿದ್ದರೆ ಒಂದು ಮನೆಯ ಹತ್ತು ವರ್ಷಗಳ ಚಿತ್ರಗಳಾಗಲಿ, ಒಬ್ಬ ವಿದ್ಯಾರ್ಥಿಯು ವರ್ಷವಿಡೀ ದುಡಿದು ಬರೆದ ಪ್ರಬಂಧವಾಗಲಿ ಒಂದೇ ದಿನದಲ್ಲಿ ಕೈತಪ್ಪಿ ಹೋಗಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸುವುದು ಉಚಿತ.

ಮೊದಲು ಅಡ್ಮಿನಿಸ್ಟ್ರೇಟರ್ ಎಂದರೆ ಯಾರು ಎಂಬುದನ್ನು ನೋಡೋಣ. ಒಂದು ಗಣಕಯಂತ್ರವನ್ನು ಮನೆಮಂದಿಯೆಲ್ಲ ಬಳಸಬಹುದು. ಆದರೆ ಹೊಸ ತಂತ್ರಾಂಶವನ್ನು ಸೇರಿಸುವುದು, ಇತರರಿಗೆ ಖಾತೆ ತೆರೆದುಕೊಡುವುದು, ಯಂತ್ರದ ಮೂಲ ಏರ್ಪಾಡುಗಳನ್ನು ಬದಲಾಯಿಸುವುದು ಇವೇ ಮೊದಲಾದ ಅಧಿಕಾರಗಳು ಅಡ್ಮಿನಿಸ್ಟ್ರೇಟರ್ ದರ್ಜೆಯ ಖಾತೆಗೆ ಮಾತ್ರ ಇರುತ್ತವೆ. ಹಿಂದಿನ ದೊಡ್ಡ ಮನೆಗಳಲ್ಲಿ ಉಗ್ರಾಣದ ಬೀಗದ ಕೈಗೊಂಚಲು ಯಜಮಾನಿಯ ಸೆರಗಿನಲ್ಲಿರುತ್ತಿತ್ತಲ್ಲವೆ? ಇದೂ ಹಾಗೆಯೇ. ಆ ಗೊಂಚಲು ಕಳೆದಾಗ ಊರಿನ ಕಮ್ಮಾರನನ್ನು ಕರೆಸುತ್ತಿದ್ದರು. ಗಣಕಯಂತ್ರದ ಕಮ್ಮಾರನು ಏನು ಮಾಡಬಲ್ಲನು, ಏನು ಮಾಡಲಾರನು ಎಂಬುದೇ ಈ ಲೇಖನದ ವಿಷಯ.

ಗಣಕಯಂತ್ರಕ್ಕೆ ಪಾಸ್‌ವರ್ಡ್ ಬಂದುದು 1960ರ ದಶಕದ ಆರಂಭದಲ್ಲಿ. ಆಗಿನ ಯಂತ್ರವು ಒಂದು ಕೋಣೆಯನ್ನೇ ತುಂಬುತ್ತಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಎಂಬವರ ತಂಡವು ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಏರ್ಪಾಡನ್ನು 1961ರಲ್ಲಿ ಪ್ರದರ್ಶಿಸಿತು. ಕಾರ್ಬಟೋ ಅವರು ಡಾಕ್ಟರೇಟ್ ಪಡೆದುದು ಭೌತಶಾಸ್ತ್ರದಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬಹುದು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟದಂತೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದವನ್ನು ಕೊಡಲಾಯಿತು. ಆ ಪದಗಳೆಲ್ಲವೂ ಯಂತ್ರದೊಳಗಿನ ಒಂದು ಪಟ್ಟಿಯಲ್ಲಿ ಇದ್ದ ಹಾಗೆಯೇ ಬರೆದಿಡಲ್ಪಟ್ಟಿದ್ದವು. ಪರಿಣಾಮವೇನಾಯಿತೆಂದರೆ, 1962ರಲ್ಲಿ ಅಲನ್ ಷೆರ್ ಎಂಬ ಸಂಶೋಧನ ವಿದ್ಯಾರ್ಥಿಯು, ತನಗೆ ಗೊತ್ತುಮಾಡಿದ್ದ ಯಂತ್ರಕಾಲ ಸಾಲದೆ, ಇಡೀ ಪಟ್ಟಿಯನ್ನು ಮುದ್ರಿಸುವಂತೆ ಯಂತ್ರಕ್ಕೇ ಆಜ್ಞೆಯಿತ್ತು ಅದನ್ನು ಪಡೆದುಕೊಂಡನು! ಅದೇ ದಶಕದ ಮಧ್ಯಭಾಗದಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಸೂಚನೆಗೆ ಬದಲಾಗಿ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿಕೊಂಡವು. ಮರೆತವರಿಗೆ ಅವರ ಪದವನ್ನು ನೆನಪಿಸಬಲ್ಲ ಯಂತ್ರವು ಕದಿಯುವವನಿಗೂ ಅದನ್ನು ಹೇಳಬಲ್ಲುದು ಎಂಬುದು ಹೀಗೆ ಆರಂಭದಲ್ಲಿಯೇ ಸ್ಪಷ್ಟವಾಯಿತು.

ಇದಕ್ಕೆ ಪರಿಹಾರವನ್ನು ಅದೇ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ರೋಜರ್ ನೀಡಮ್ ಮತ್ತು ಮೈಕ್ ಗೈ ಎಂಬವರು ಕಂಡುಕೊಂಡರು. ಪಾಸ್‌ವರ್ಡನ್ನು ಯಂತ್ರದಲ್ಲಿ ಇಡಲೇಬಾರದು. ಅದರಿಂದ ಒಂದು ಗಣಿತಕ್ರಿಯೆಯ ಮೂಲಕ ಹುಟ್ಟುವ ಫಲವನ್ನು ಮಾತ್ರ ಇಡಬೇಕು. ಆ ಕ್ರಿಯೆಯಾದರೋ ಮುಂದಕ್ಕೆ ಸುಲಭವಾಗಿಯೂ ಹಿಂದಕ್ಕೆ ದುಸ್ಸಾಧ್ಯವಾಗಿಯೂ ಇರಬೇಕು. ಒಂದು ಚಿಕ್ಕ ಉದಾಹರಣೆಯನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. 3147 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ವರ್ಗ 9903609. ಇದನ್ನು ಎಂಟು ಅಂಕಿಗಳಾಗಿ 09903609 ಎಂದು ಬರೆದು ನಡುವಣ ನಾಲ್ಕು ಅಂಕಿಗಳನ್ನು ಮಾತ್ರ ಉಳಿಸಿಕೊಂಡರೆ 9036 ದೊರೆಯುತ್ತದೆ. ಇನ್ನು 9036 ಒಂದನ್ನೇ ನಿಮ್ಮ ಗೆಳೆಯನಿಗೆ ಕೊಟ್ಟು ಮೂಲ ಸಂಖ್ಯೆಯನ್ನು ಹೇಳೆಂದರೆ ಅವನು ವರ್ಗಮೂಲ ತೆಗೆಯಲು ಬಾರದೆ ತೊಡಕಿಗೆ ಸಿಲುಕುವನು. ಏಕೆಂದರೆ ಉಳಿದ ಅಂಕಿಗಳನ್ನು ನಾವು ಎಸೆದುಬಿಟ್ಟಿದ್ದೇವೆ. ಆದರೆ ಯಾರಾದರೂ "ಮೂಲ ಸಂಖ್ಯೆ 3147" ಎಂದರೆ ಅದನ್ನು ಒರೆಹಚ್ಚಿ ನೋಡುವುದು ಒಂದು ನಿಮಿಷದ ಕೆಲಸ. ನಿಜವಾದ ಕ್ರಿಯೆಗಳು ಇದಕ್ಕಿಂತ ಎಷ್ಟೋ ಜಟಿಲವಾದುವು. ತತ್ತ್ವ ಮಾತ್ರ ಇದೇ. ಹೀಗೆ ಹುಟ್ಟಿದ ಫಲಕ್ಕೆ ಹ್ಯಾಶ್ ಎಂದು ಹೆಸರು.

ಇಂದು ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಯಂತ್ರದಲ್ಲಿ ಇಟ್ಟುಕೊಳ್ಳುವುದು ಈ ಹ್ಯಾಶನ್ನೇ ಹೊರತು ಪಾಸ್‌ವರ್ಡನ್ನಲ್ಲ. ನೀವು ಪದವನ್ನು ಬೆರಳಚ್ಚು ಮಾಡಿದಾಗ ಅದರ ಹ್ಯಾಶನ್ನು ಹೊಸದಾಗಿ ಲೆಕ್ಕಹಾಕಿ ಹಳೆಯದರೊಡನೆ ಹೋಲಿಸುತ್ತದೆ. ಹೊಂದಿದರೆ ಒಳಗೆ ಬಿಡುತ್ತದೆ. ಆದುದರಿಂದ "ಮರಳಿ ಪಡೆಯುವುದು" ಎಂಬ ಮಾತೇ ಸರಿಯಲ್ಲ. ಯಂತ್ರವು ನಿಮ್ಮ ಪದವನ್ನು ಬಚ್ಚಿಟ್ಟುಕೊಂಡು ಹಟಮಾಡುತ್ತಿಲ್ಲ. ಅದಕ್ಕೆ ಆ ಪದವು ತಿಳಿದೇ ಇಲ್ಲ.

ಹಾಗಾದರೆ ಅಂಗಡಿಯ ಹುಡುಗರು ಇದುವರೆಗೆ ಅರ್ಧ ಗಂಟೆಯಲ್ಲಿ ಯಂತ್ರವನ್ನು ತೆರೆದುಕೊಟ್ಟುದು ಹೇಗೆ? ಅವರು ಹಳೆಯ ಪದವನ್ನು ಕಂಡುಹಿಡಿಯಲಿಲ್ಲ. ಹಳೆಯ ಹ್ಯಾಶನ್ನು ಅಳಿಸಿ ಹೊಸದನ್ನು ಇಟ್ಟರು, ಅಷ್ಟೆ. ಪಾಸ್‌ವರ್ಡ್ ಕೇಳುವುದು ಯಂತ್ರವನ್ನು ನಡೆಸುವ ತಂತ್ರಾಂಶ. ಅದು ಬಾಗಿಲಲ್ಲಿ ನಿಂತ ಕಾವಲುಗಾರನಿದ್ದಂತೆ. ಯಂತ್ರವನ್ನು ಬೇರೊಂದು ಪೆನ್‌ಡ್ರೈವಿನಲ್ಲಿರುವ ತಂತ್ರಾಂಶದಿಂದ ಆರಂಭಿಸಿದರೆ ಈ ಕಾವಲುಗಾರನು ಎಚ್ಚರಗೊಳ್ಳುವುದೇ ಇಲ್ಲ. ಆಗ ಹಾರ್ಡ್‌ಡಿಸ್ಕಿನ ಮೇಲಿನ ಎಲ್ಲ ಕಡತಗಳೂ, ಹ್ಯಾಶ್ ಇರುವ ಕಡತ ಸಹ, ತೆರೆದ ಪುಸ್ತಕದಂತೆ ಬಿದ್ದಿರುತ್ತವೆ. ನಾವು ಭದ್ರವೆಂದು ತಿಳಿದಿದ್ದ ಮನೆಗೆ ಮುಂಬಾಗಿಲು ಮಾತ್ರವಿತ್ತು, ಸುತ್ತಲೂ ಗೋಡೆಯೇ ಇರಲಿಲ್ಲ! ಅಂಗಡಿಯವನ ಜಾಣತನವನ್ನು ಕಂಡು ಸಂತೋಷಪಟ್ಟವರು, ಯಂತ್ರವನ್ನು ಕದ್ದೊಯ್ದವನಿಗೂ ಅದೇ ದಾರಿ ತೆರೆದಿತ್ತೆಂಬುದನ್ನು ಯೋಚಿಸಲಿಲ್ಲ.

ಊಹಿಸಿ ನೋಡುವ ಮಾರ್ಗವೂ ಒಂದುಂಟು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪದಗಳು ಒಟ್ಟು 26ರ ಎಂಟನೆಯ ಘಾತ, ಅಂದರೆ ಸುಮಾರು 20,883 ಕೋಟಿ. ಸೆಕೆಂಡಿಗೊಂದರಂತೆ ಪ್ರಯತ್ನಿಸಿದರೆ ಆರು ಸಾವಿರ ವರ್ಷಗಳಿಗೂ ಮಿಕ್ಕಿ ಬೇಕು. ಆದರೆ ಹ್ಯಾಶ್ ಕೈಗೆ ಸಿಕ್ಕಿದರೆ, ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಪರೀಕ್ಷಿಸುವ ಯಂತ್ರಕ್ಕೆ ಸುಮಾರು 21 ಸೆಕೆಂಡುಗಳು ಸಾಕು. ವಿಂಡೋಸಿನ ಸರಳ ಹ್ಯಾಶಿನ ವಿಷಯದಲ್ಲಿ ಈ ವೇಗವು ಇಂದು ಉತ್ಪ್ರೇಕ್ಷೆಯೇನೂ ಅಲ್ಲ. ಅದೇ ದೊಡ್ಡಕ್ಷರ, ಅಂಕಿ, ಚಿಹ್ನೆಗಳೆಲ್ಲ ಕೂಡಿದ 95 ಗುರುತುಗಳಿಂದ ಯಾದೃಚ್ಛಿಕವಾಗಿ ಆರಿಸಿದ 12 ಗುರುತುಗಳ ಪದವಾದರೆ ಅದೇ ಯಂತ್ರಕ್ಕೆ ಸುಮಾರು 17 ಲಕ್ಷ ವರ್ಷಗಳು ಬೇಕು. ಹೀಗೆ ಊಹೆಯು ದುರ್ಬಲವಾದ ಪದವನ್ನು ಮಾತ್ರ ಬಯಲಿಗೆಳೆಯಬಲ್ಲುದು.

ಈಗ ಬಂದಿರುವ ದೊಡ್ಡ ಬದಲಾವಣೆಯೆಂದರೆ ಗೋಡೆಯನ್ನು ಕಟ್ಟಲಾಗುತ್ತಿದೆ. ಡಿಸ್ಕಿನಲ್ಲಿರುವ ಎಲ್ಲವನ್ನೂ ಗೂಢಲಿಪಿಗೆ ಪರಿವರ್ತಿಸಿ ಇಡುವ ಬಿಟ್‌ಲಾಕರ್ ಎಂಬ ಏರ್ಪಾಡು ವಿಂಡೋಸಿನ ಕೆಲವು ಆವೃತ್ತಿಗಳಲ್ಲಿ 2007ರಿಂದಲೂ ಇದೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯೊಡನೆ ಸಿದ್ಧಪಡಿಸಿದರೆ, ಅನುಕೂಲವಾದ ಯಂತ್ರಗಳಲ್ಲಿ ಈ ಗೂಢಲಿಪೀಕರಣವು ಮನೆಬಳಕೆಯ ಆವೃತ್ತಿಯಲ್ಲಿಯೂ ತಾನಾಗಿಯೇ ನಡೆದುಹೋಗುತ್ತದೆ. ಬೀಗದ ಕೈಯನ್ನು ಯಂತ್ರದೊಳಗಿನ ಟಿಪಿಎಂ ಎಂಬ ಚಿಪ್ಪು ಕಾಪಾಡುತ್ತದೆ. ಯಂತ್ರವು ಎಂದಿನಂತೆ ಆರಂಭವಾದರೆ ಅದು ಕೈಯನ್ನು ಕೊಡುತ್ತದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಸೇರಿಸಿದರೆ ಅಥವಾ ಮದರ್‌ಬೋರ್ಡನ್ನು ಬದಲಾಯಿಸಿದರೆ ಕೊಡುವುದಿಲ್ಲ. ಆಗ ಪರದೆಯು 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ.

ಈ 48 ಅಂಕಿಗಳ ರಚನೆ ಸ್ವಾರಸ್ಯವಾಗಿದೆ. ಅವು ಆರಾರು ಅಂಕಿಗಳ ಎಂಟು ಗುಂಪುಗಳಾಗಿರುತ್ತವೆ. ಪ್ರತಿಯೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ; ಇದರಿಂದ ಬರೆಯುವಾಗ ಒಂದು ಅಂಕಿ ತಪ್ಪಿದರೂ ಯಂತ್ರಕ್ಕೆ ಒಡನೆಯೇ ತಿಳಿಯುತ್ತದೆ. ಭಾಗಿಸಿದಾಗ ಬರುವ ಎಂಟು ಸಂಖ್ಯೆಗಳು ಒಂದೊಂದೂ 16 ಬಿಟ್ಟುಗಳವು. ಒಟ್ಟು 128 ಬಿಟ್ಟುಗಳು. 2ರ 128ನೆಯ ಘಾತವೆಂದರೆ 34ರ ಮುಂದೆ 37 ಸೊನ್ನೆಗಳನ್ನು ಬರೆದಷ್ಟು ದೊಡ್ಡದು. ಸೆಕೆಂಡಿಗೆ ಸಾವಿರ ಕೋಟಿ ಊಹೆಗಳ ಯಂತ್ರವನ್ನೇ ಇಲ್ಲಿಯೂ ಹೂಡಿದೆವೆಂದು ಭಾವಿಸೋಣ. ಎಲ್ಲ ಸಾಧ್ಯತೆಗಳನ್ನೂ ಮುಗಿಸಲು ವಿಶ್ವದ ಈವರೆಗಿನ ವಯಸ್ಸಾದ 1,380 ಕೋಟಿ ವರ್ಷಗಳ ಏಳು ಸಾವಿರ ಕೋಟಿ ಮಡಿಗಿಂತಲೂ ಹೆಚ್ಚು ಕಾಲ ಬೇಕಾಗುತ್ತದೆ. ಇಲ್ಲಿ ಯಾವ ಅಂಗಡಿಯವನ ಜಾಣತನವೂ ನಡೆಯದು. ಗುಟ್ಟು ಕಳೆದರೆ ಕಡತಗಳೂ ಕಳೆದವು.

ಈ ಕಠೋರತೆಯನ್ನು ಕಂಡು ಕೆಲವರು, "ತಯಾರಿಸುವ ಕಂಪನಿಯು ಎಲ್ಲ ಯಂತ್ರಗಳನ್ನೂ ತೆರೆಯುವ ಒಂದು ಗುಪ್ತ ಕೀಲಿಯನ್ನು ಇಟ್ಟುಕೊಂಡು ಮರೆತವರಿಗೆ ಸಹಾಯಮಾಡಬಾರದೆ?" ಎಂದು ಕೇಳುವುದುಂಟು. ಕೂಡದೆಂದೇ ನನ್ನ ಅಭಿಪ್ರಾಯ. ಯಂತ್ರಕ್ಕೆ ಯಜಮಾನನ ಮುಖವೂ ತಿಳಿಯದು, ಕಳ್ಳನ ಮುಖವೂ ತಿಳಿಯದು. ಗುಟ್ಟನ್ನು ಬಲ್ಲವನೇ ಅದರ ಪಾಲಿಗೆ ಯಜಮಾನ. ಎಲ್ಲವನ್ನೂ ತೆರೆಯುವ ಕೀಲಿಯೊಂದು ಎಲ್ಲಿಯಾದರೂ ಇದ್ದರೆ ಅದು ಸೋರದೆ ಉಳಿಯುವುದೆಂದು ನಂಬುವುದಕ್ಕೆ ಎಂ.ಐ.ಟಿ.ಯ ಪಟ್ಟಿಯ ಕಥೆಯನ್ನು ಓದಿದವರಿಗೆ ಧೈರ್ಯವಾಗದು. ಸಂಕೇತಶಾಸ್ತ್ರದ ಪಂಡಿತನಾದ ಕೆರ್ಕಾಫ್ಸನು 1883ರಲ್ಲಿಯೇ ತೋರಿಸಿಕೊಟ್ಟಂತೆ, ಒಂದು ಪದ್ಧತಿಯ ಭದ್ರತೆಯು ಅದರ ರಚನೆಯ ಗುಟ್ಟನ್ನು ನೆಚ್ಚಿರದೆ ಕೀಲಿಯ ಗುಟ್ಟನ್ನು ಮಾತ್ರ ನೆಚ್ಚಿರತಕ್ಕದ್ದು. ಆ ಕೀಲಿಯು ಯಜಮಾನನ ವಶದಲ್ಲಿರುವುದೇ ನ್ಯಾಯ.

ಆದರೆ ನ್ಯಾಯದ ಇನ್ನೊಂದು ಮುಖವೂ ಇದೆ. ಕೀಲಿಯು ನಮ್ಮದಾಗಬೇಕಾದರೆ ಅದು ಇದೆಯೆಂಬ ಸಂಗತಿ ನಮಗೆ ತಿಳಿದಿರಬೇಕು. ಯಂತ್ರವನ್ನು ಸಿದ್ಧಪಡಿಸುವಾಗ ಗೋಡೆಯನ್ನು ಮೌನವಾಗಿ ಎಬ್ಬಿಸಿ, ರಿಕವರಿ ಕೀಯನ್ನು ಬಳಕೆದಾರನು ಎಂದೂ ತೆರೆದು ನೋಡದ ಖಾತೆಯ ಪುಟವೊಂದರಲ್ಲಿ ಇಟ್ಟರೆ ಕರ್ತವ್ಯ ಮುಗಿಯಿತೆಂದು ತಯಾರಕರು ಭಾವಿಸುವುದು ತಪ್ಪು. ನಮ್ಮ ಊರುಗಳಲ್ಲಿ ಈ ತಪ್ಪು ಇಮ್ಮಡಿಯಾಗುತ್ತದೆ. ಅನೇಕ ಮನೆಗಳಲ್ಲಿ ಯಂತ್ರವನ್ನು ಸಿದ್ಧಗೊಳಿಸಿದವನು ಅಂಗಡಿಯವನು. ಖಾತೆ ತೆರೆದವನು ಅವನು. ಪಾಸ್‌ವರ್ಡ್ ಇಟ್ಟವನೂ ಅವನೇ. ಕೊಂಡವರ ಕೈಗೆ ಬರುವುದು ಯಂತ್ರ ಮತ್ತು ರಸೀದಿ ಮಾತ್ರ. ಇಂತಹ ಮನೆಯವರು ಏನನ್ನೂ ಮರೆತಿಲ್ಲ. ಅವರಿಗೆ ಯಾರೂ ಏನನ್ನೂ ಹೇಳಿಯೇ ಇಲ್ಲ. ಯಂತ್ರವನ್ನು ಮಾರುವವನು ರಸೀದಿಯೊಡನೆ ಆ 48 ಅಂಕಿಗಳನ್ನೂ ಬರೆಸಿಕೊಡುವುದು ವ್ಯಾಪಾರದ ಮರ್ಯಾದೆಯಾಗಬೇಕು.

ವಿದ್ಯಾರ್ಥಿಗಳು ಇದಕ್ಕಾಗಿ ಕಾಯಬೇಕಾಗಿಲ್ಲ. ಮನೆಯ ಯಂತ್ರದ ಡಿಸ್ಕು ಗೂಢಲಿಪಿಯಲ್ಲಿದೆಯೆ ಎಂಬುದನ್ನು ಸೆಟ್ಟಿಂಗ್ಸ್ ವಿಭಾಗದಲ್ಲಿ ಇಂದೇ ನೋಡಿರಿ. ಇದ್ದರೆ, ಯಂತ್ರವು ಸರಿಯಾಗಿರುವಾಗಲೇ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದು ಗುಂಪನ್ನೂ 11ರಿಂದ ಭಾಗಿಸಿ ತಾಳೆನೋಡಿ, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಡಿರಿ. ಗುಟ್ಟನ್ನು ಕಾಗದದ ಮೇಲೆ ಬರೆಯಬಾರದೆಂಬ ಉಪದೇಶವು ಕಚೇರಿಯ ಮೇಜಿಗೆ ಸರಿ. ದೂರದಿಂದ ದಾಳಿಮಾಡುವವನು ನಿಮ್ಮ ಮನೆಯ ಬೀರುವನ್ನು ತೆರೆಯಲಾರನು. ಮನೆಯಲ್ಲಿ ನಂಬುಗೆಯ ಇನ್ನೊಬ್ಬರಿಗೂ ಅಡ್ಮಿನಿಸ್ಟ್ರೇಟರ್ ದರ್ಜೆಯ ಖಾತೆಯಿರಲಿ. ಒಬ್ಬರು ಮರೆತರೆ ಇನ್ನೊಬ್ಬರು ಹೊಸ ಪದವನ್ನು ಕೊಡಬಹುದು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಬೇರೆ ಯಂತ್ರದಿಂದಲೂ ಬದಲಾಯಿಸಬಹುದಾದರೂ, ಅದಕ್ಕೆ ಸಂಕೇತ ಬರುವ ದೂರವಾಣಿ ಸಂಖ್ಯೆ ನಿಮ್ಮದಾಗಿ ಉಳಿದಿರಬೇಕು. ಕೈಬಿಟ್ಟ ಸಿಮ್ಮಿನ ಸಂಖ್ಯೆ ಕಾಲಕ್ರಮದಲ್ಲಿ ಬೇರೆಯವರ ಪಾಲಾಗುವುದು. ಸಂಖ್ಯೆ ಬದಲಾದ ದಿನವೇ ಖಾತೆಯಲ್ಲಿಯೂ ಬದಲಾಯಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಕಳೆದುಕೊಳ್ಳಲಾರದ ಕಡತಗಳ ಒಂದು ಪ್ರತಿಯನ್ನು ಆ ಯಂತ್ರದ ಹೊರಗೆ ಇಟ್ಟುಕೊಳ್ಳಿರಿ.

ಇನ್ನೊಂದು ಮಾತು. ಇಲ್ಲಿ ಹೇಳಿದ ಉಪಾಯಗಳೆಲ್ಲ ಸ್ವಂತ ಯಂತ್ರಕ್ಕೆ ಮಾತ್ರ. ಇನ್ನೊಬ್ಬರ ಯಂತ್ರವನ್ನು ಅನುಮತಿಯಿಲ್ಲದೆ ಮೋಸದಿಂದ ತೆರೆಯುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ನೆಯ ಪ್ರಕರಣದಂತೆ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು.

ಮರೆವು ಮನುಷ್ಯನ ಸ್ವಭಾವ. ಅದನ್ನು ಅಪರಾಧವೆಂದು ಎಣಿಸಬೇಕಾಗಿಲ್ಲ. ಆದರೆ ಅದಕ್ಕೆ ಮದ್ದನ್ನು ಯಂತ್ರದೊಳಗೆ ಹುಡುಕುವ ಕಾಲ ಮುಗಿಯುತ್ತ ಬಂದಿದೆ. ಆ ಮದ್ದು ಬೀರುವಿನೊಳಗಿನ ಒಂದು ತುಂಡು ಕಾಗದದಲ್ಲಿದೆ. ಅದನ್ನು ಬರೆದಿಡಲು ಹತ್ತು ನಿಮಿಷಗಳು ಸಾಕು, ಮರೆಯುವ ಮುನ್ನ ಬರೆದಿಡಬೇಕು, ಅಷ್ಟೆ.