ಶಾಲು ಹೊದಿಸಿದ್ದು ಸಾಕು

ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಗದಗ-ಬೆಟಗೇರಿಯ ಕಲ್ಯಾಣ ಮಂಟಪಗಳಿಗೆ ಬಿಡುವಿಲ್ಲ. ಮದುವೆ ಇಲ್ಲದ ದಿನ ಪ್ರತಿಭಾ ಪುರಸ್ಕಾರ. ಜಾತಿಗೊಂದು ಸಂಘ, ಸಂಘಕ್ಕೊಂದು ವೇದಿಕೆ, ವೇದಿಕೆಯ ತುಂಬ ಗಣ್ಯರು. ಶೇ 90ಕ್ಕಿಂತ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಶಾಲು, ಹಾರ, ಸ್ಮರಣಿಕೆ, ಫೋಟೊ. ಕಡೆಗೆ ಯಾರಾದರೊಬ್ಬರು ಮೈಕ್ ಹಿಡಿದು, “ನಮ್ಮ ಭಾಗದಾಗ ಪ್ರತಿಭೆಗೇನ್ ಕೊರತಿಲ್ರಿ, ವಿಜ್ಞಾನ-ಗಣಿತಕ್ಕಂತ ಒಂದು ದೊಡ್ಡ ಶಾಲಿ ಆಗಬೇಕು” ಎನ್ನುತ್ತಾರೆ. ಚಪ್ಪಾಳೆ, ಊಟ. ಲಕ್ಷ್ಮೇಶ್ವರದಲ್ಲೂ ಇದೇ, ಶಿರಹಟ್ಟಿಯಲ್ಲೂ ಇದೇ, ಮುಂಡರಗಿಯಲ್ಲೂ ಇದೇ. ಮುಂದಿನ ವರ್ಷ ಭಾಷಣ ಅದೇ ಇರುತ್ತದೆ, ಮಕ್ಕಳು ಬೇರೆ. ಬಿತ್ತುವಾಗ ಹೊಲದ ಕಡೆ ಸುಳಿಯದವರು ರಾಶಿಯ ದಿನ ಪೇಟ ಸುತ್ತಿಕೊಂಡು ಕಣಕ್ಕೆ ಬಂದಂತೆ.

ಆ ಸಾಲಿನಲ್ಲಿ ನಿಂತವರಲ್ಲಿ ನಿಜಕ್ಕೂ ಗಣಿತದ ತಲೆಯುಳ್ಳವರು ಯಾರೆಂದು ವೇದಿಕೆಯ ಮೇಲಿನ ಒಬ್ಬರಿಗೂ ತಿಳಿದಿರುವುದಿಲ್ಲ. ತಿಳಿಯಬೇಕೆಂಬ ಆಸೆಯೂ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತದ 100 ಅಂಕಗಳಲ್ಲಿ 20 ಶಾಲೆಯೇ ಹಾಕುವ ಆಂತರಿಕ ಅಂಕ. ಉಳಿದ 80ಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹತ್ತಾರು ಸಲ ತಿರುವಿದರೆ ದಾರಿ ಸಿಕ್ಕೇ ಸಿಗುತ್ತದೆ. ಶ್ರಮಪಟ್ಟು ನೂರಕ್ಕೆ ನೂರು ತಂದ ಮಗುವನ್ನು ನಾನು ಹಳಿಯುತ್ತಿಲ್ಲ. ಆ ಶ್ರಮಕ್ಕೆ ಬೆಲೆ ಇದೆ. ಆದರೆ ಲೆಕ್ಕವನ್ನು ತನ್ನದೇ ದಾರಿಯಲ್ಲಿ ಬಿಡಿಸಿ, ಹಂತ ಬರೆಯಲಿಲ್ಲವೆಂದು ಅಂಕ ಕಳೆದುಕೊಂಡು, 78ಕ್ಕೆ ನಿಂತ ಹುಡುಗಿ ಎಲ್ಲಿ ಹೋದಳು? ಅವಳಿಗೆ ಶಾಲು ಇಲ್ಲ. ಅವಳ ಹೆಸರೂ ಯಾರ ಕಿವಿಗೂ ಬಿದ್ದಿಲ್ಲ. ಅವಳು ಕಲಾ ವಿಭಾಗ ಸೇರಿದಳೋ, ಮದುವೆಯಾಗಿ ಹೋದಳೋ, ವಿಚಾರಿಸುವವರಿಲ್ಲ. ಅಂಕಕ್ಕೆ ಸನ್ಮಾನ ಮಾಡಿ ಪ್ರತಿಭೆಗೆ ಮಾಡಿದೆವೆಂದು ಹೇಳಿಕೊಳ್ಳುವ ಈ ಚಾಳಿ ಎಷ್ಟು ಹಳೆಯದಾಗಿದೆಯೆಂದರೆ, ಎರಡೂ ಬೇರೆ ಎಂದು ಹೇಳಿದವನನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ.

ಶಾಲೆಗಳ ಒಳಗೆ ಬನ್ನಿ. ಪರೀಕ್ಷೆ ಹತ್ತಿರವಾದಂತೆ ಎಲ್ಲೆಲ್ಲೂ ‘ಪಾಸಿಂಗ್ ಪ್ಯಾಕೇಜ್’. ಪಾಸಿನ ಗೆರೆ ದಾಟಲಾರದವರನ್ನು ದಾಟಿಸುವ ಕೆಲಸ ಅಗತ್ಯವೇ. ಆದರೆ ಜೂನ್ ತಿಂಗಳಲ್ಲೇ ಗಣಿತದ ಪುಸ್ತಕವನ್ನೆಲ್ಲ ತಾನಾಗಿ ಮಾಡಿ ಮುಗಿಸಿ ಕೂತ ಮಗುವಿಗೆ ವರ್ಷಪೂರ್ತಿ ಏನಿದೆ? “ನೀ ಸುಮ್ಕ ಕುಂಡ್ರು” ಎಂಬ ಮಾತಿದೆ. ಇಲ್ಲವೇ ಉಳಿದವರ ನೋಟ್ಸ್ ತಿದ್ದುವ ಕೆಲಸವಿದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಒಬ್ಬ ಪಿಸಿಎಂ ಶಿಕ್ಷಕ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಹೊರುತ್ತಾನೆ. ಅವನೂ ಇಲ್ಲದ ಕಡೆ ಅಲ್ಪ ಸಂಬಳದ ಅತಿಥಿ ಶಿಕ್ಷಕ. ಅವರನ್ನು ಬೈಯುವುದು ಅನ್ಯಾಯ. ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ: ಕಾಯಂ ಹುದ್ದೆ, ಪೂರ್ಣ ಸಂಬಳ, ಊರಲ್ಲಿ ಮನೆ, ಎಲ್ಲ ಇದ್ದೂ ಇಪ್ಪತ್ತು ವರ್ಷದಲ್ಲಿ ಗೈಡಿನಲ್ಲಿ ಉತ್ತರವಿಲ್ಲದ ಒಂದು ಲೆಕ್ಕವನ್ನೂ ಕೈಗೆತ್ತಿಕೊಳ್ಳದವರು. ಮಗು ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದರೆ “ಅದು ಪರೀಕ್ಷಾಕ್ಕ ಬರಂಗಿಲ್ಲ” ಎನ್ನುವವರು. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆಯ ಹತ್ತಿರ ಕುದಾಪುರದಲ್ಲಿ ಹೈಸ್ಕೂಲು, ಪಿಯು ಶಿಕ್ಷಕರಿಗೆಂದೇ ತರಬೇತಿ ನಡೆಸುತ್ತ ಬಂದಿದೆ. ಅಲ್ಲಿಗೆ ಹೋಗಿ ಬಂದು ಕೊಠಡಿಯಲ್ಲಿ ಏನು ಬದಲಾಯಿಸಿದಿರಿ ಎಂದು ಯಾವ ಆಡಳಿತ ಮಂಡಳಿ ತನ್ನ ಶಿಕ್ಷಕರನ್ನು ಕೂರಿಸಿ ಕೇಳಿದೆ?

ಗಣಿತದ ತಲೆಯುಳ್ಳ ಮಕ್ಕಳನ್ನು ಹುಡುಕುವುದು ಕಷ್ಟ ಎಂಬುದೂ ನೆಪ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ ಜಿಲ್ಲೆಯ ನವೋದಯ ಶಾಲೆ ಇದೆ. ವರ್ಷಕ್ಕೆ 80 ಮಕ್ಕಳು, ಅದೂ ಆರನೆಯ ತರಗತಿಗೆ. ಹತ್ತು-ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆ. ಆಮೇಲೆ ಖಾಲಿ ಬಿದ್ದ ಕೆಲವೇ ಸೀಟು. ಹದಿಮೂರು ಹದಿನಾಲ್ಕಕ್ಕೆ ಬುದ್ಧಿ ಅರಳುವ ಮಗುವಿಗೆ ಆ ಬಾಗಿಲು ಮುಚ್ಚಿದಂತೆಯೇ. ಅಕ್ಷರ ಫೌಂಡೇಷನ್ ಎಂಬ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಾಲ್ಕರಿಂದ ಆರನೆಯ ತರಗತಿಯವರಿಗೆ ಗಣಿತ ಸ್ಪರ್ಧೆ ನಡೆಸುತ್ತದೆ; ಗೆದ್ದ ಮಗು ಬಹುಮಾನ ತೆಗೆದುಕೊಂಡು ಮನೆಗೆ ಹೋದ ಮೇಲೆ ಕಥೆ ಅಲ್ಲಿಗೇ ಮುಗಿಯಿತು. ಆದರೆ ತಯಾರಿರುವ ಪಟ್ಟಿಯೊಂದಿದೆ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯಮಿತಿಯೊಳಗಿನ ಮನೆಯವರು, ಸರ್ಕಾರಿ ಅಥವಾ ಅನುದಾನಿತ ಶಾಲೆಯವರು, ರಾಜ್ಯಮಟ್ಟದ ಪರೀಕ್ಷೆ ಗೆದ್ದವರು. ಹುಡುಕುತ್ತಿರುವ ಮಕ್ಕಳು ಇವರಲ್ಲದೆ ಇನ್ನಾರು? ಅವರ ಹೆಸರು, ಶಾಲೆ ಎಲ್ಲ ಬಿಇಓ ಕಚೇರಿಯಲ್ಲಿದೆ. ಹಣ ಖಾತೆಗೆ ಬಿತ್ತೋ ಇಲ್ಲವೋ ಎಂಬುದನ್ನು ಬಿಟ್ಟರೆ ಆ ಪಟ್ಟಿಯ ಬಗ್ಗೆ ಮತ್ತೇನನ್ನೂ ಯಾರೂ ಕೇಳುವುದಿಲ್ಲ. ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ 2021ರ ಬಳಿಕ ನಿಂತಿತು, ವಿಜ್ಞಾನದ ಮಕ್ಕಳಿಗಿದ್ದ ಕೆವಿಪಿವೈ ವಿದ್ಯಾರ್ಥಿವೇತನ 2022ರಲ್ಲಿ ಮುಗಿಯಿತು. ದಿಲ್ಲಿಯ ಒಂದೊಂದೇ ಬಾಗಿಲು ಮುಚ್ಚುತ್ತಿರುವಾಗ ಊರಿನವರು ಎಚ್ಚರಾಗಬೇಕಿತ್ತು. ಗದಗಿನಲ್ಲಿ ಒಂದು ಸಭೆಯಾದರೂ ಆಯಿತೇ?

ಇನ್ನು ತಂದೆತಾಯಿಗಳು. ಉಳ್ಳವರ ಮಕ್ಕಳು ಹತ್ತು ಮುಗಿದ ಕೂಡಲೇ ಧಾರವಾಡಕ್ಕೆ, ಮಂಗಳೂರಿನ ಕಡೆಗೆ, ಬೆಂಗಳೂರಿಗೆ. ಇಲ್ಲದವರು ಹೊಲ ಒತ್ತೆ ಇಟ್ಟು ಅದೇ ದಾರಿ ಹಿಡಿಯುತ್ತಾರೆ. ಅಲ್ಲಿ ನಡೆಯುವುದು ನೀಟ್, ಜೆಇಇ, ಸಿಇಟಿ. ಭೌತಶಾಸ್ತ್ರವೆಂದರೆ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕುವುದು ಎಂದು ಎರಡು ವರ್ಷದಲ್ಲಿ ಮಗು ನಂಬಿಬಿಡುತ್ತದೆ. ಸೀಟು ಸಿಕ್ಕಿತೋ, ಮನೆಯ ಮುಂದೆ ಬ್ಯಾನರ್. ಸಿಗಲಿಲ್ಲವೋ, ಮನೆಯಲ್ಲಿ ಮಾತು ನಿಲ್ಲುತ್ತದೆ. ಊರಲ್ಲೇ ಉಳಿದ ಕನ್ನಡ ಮಾಧ್ಯಮದ ಮಗುವಿನ ಪಾಡು ಬೇರೆ. ಹತ್ತರವರೆಗೆ ಕನ್ನಡದಲ್ಲಿ ತಿಳಿದು ಕಲಿತದ್ದು ಪಿಯು ವಿಜ್ಞಾನ ಕೊಠಡಿಗೆ ಕಾಲಿಟ್ಟ ದಿನದಿಂದ ಇಂಗ್ಲಿಷಿಗೆ ತಿರುಗುತ್ತದೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಸೋತ ಮಗು ತನಗೆ ತಲೆ ಇಲ್ಲ ಎಂದು ತೀರ್ಮಾನಿಸಿಬಿಡುತ್ತದೆ, ನಾವೂ ಹೌದು ಅನ್ನುತ್ತೇವೆ. ಒಂಬತ್ತು, ಹತ್ತರಲ್ಲೇ ಎರಡೂ ಭಾಷೆಯನ್ನು ಕೈಹಿಡಿದು ದಾಟಿಸುವ ಒಂದು ಜಾಗ ಇದ್ದಿದ್ದರೆ ಈ ಸೋಲಿನಲ್ಲಿ ಅರ್ಧ ತಪ್ಪುತ್ತಿತ್ತು.

“ನಮ್ಮಂಥ ಊರಾಗ ಅಂಥಾ ಶಾಲಿ ಹೆಂಗ ಆದೀತ್ರಿ?” ಎಂದು ಕೇಳುವವರಿಗೆ ನಾಚಿಕೆಯಾಗಬೇಕು. ಎಲ್ಲ ಬಿಟ್ಟು ಗದಗಿನಲ್ಲಿ ನಿಂತು ಈ ಮಾತೇ? ಕುರುಡ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇಲ್ಲಿಂದ ಎಷ್ಟು ದೂರ? ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡ ಬಾಲಕನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿದರು. ಹಾರ ಹಾಕಿ ಕಳಿಸಲಿಲ್ಲ, ವರ್ಷಗಟ್ಟಲೆ ಸಂಗೀತ ಕಲಿಯಲು ಹಚ್ಚಿದರು. ಪಂಚಾಕ್ಷರಿ ಗವಾಯಿಗಳಾದ ಆತ ಕಟ್ಟಡದ ದಾರಿ ಕಾಯದೆ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುತ್ತ ಪಾಠ ನಡೆಸಿದರು. ಶಾಲೆ ಗದಗಿನಲ್ಲಿ ನೆಲೆ ನಿಂತದ್ದು ಆಮೇಲೆ. ಖರ್ಚಿಗೆ ನಾಟಕ ಕಂಪನಿ ಕಟ್ಟಿದರು. 1944ರಲ್ಲಿ ಅವರು ತೀರಿಕೊಂಡಾಗ ಶಿಷ್ಯ ಪುಟ್ಟರಾಜರು ಹೊಣೆ ಹೊತ್ತು, ತಾವೇ ನಾಟಕ ಬರೆದು, ಊರೂರು ಆಡಿಸಿ, 2010ರಲ್ಲಿ ಕಣ್ಮುಚ್ಚುವವರೆಗೂ ಆ ಮಕ್ಕಳಿಗೆ ಅನ್ನ ಹಾಕಿದರು. ಕುರುಡರು, ಬಡವರು, ಯಾರಿಗೂ ಬೇಡವಾದ ಹುಡುಗರು ಅಲ್ಲಿಂದ ಗಾಯಕರಾಗಿ, ವಾದಕರಾಗಿ, ಸಂಗೀತ ಶಿಕ್ಷಕರಾಗಿ ನಾಡೆಲ್ಲ ಹರಡಿದರು. ಬಸವರಾಜ ರಾಜಗುರು ಅವರಂಥವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಸಾಧಾರಣ ಮಗುವನ್ನು ಕಂಡುಹಿಡಿದು, ಮನೆಯಿಂದ ತಂದು, ಉಣಿಸಿ, ಬೆಳಗಿನ ಜಾವ ಎಬ್ಬಿಸಿ, ಗುರುವಿನ ಎದುರು ಕೂರಿಸಿ, ವರ್ಷಗಟ್ಟಲೆ ತಿದ್ದುವ ವಿದ್ಯೆಯನ್ನು ಈ ಊರು ಬಲ್ಲದು. ದೂರದ ದೇಶದವರಿಂದ ಅದನ್ನು ಕಲಿಯಬೇಕಿಲ್ಲ. ಸ್ವರಕ್ಕೆ ಮಾಡಿದ್ದನ್ನು ಸಂಖ್ಯೆಗೆ ಮಾಡಲು ಯಾರು ಅಡ್ಡ ಬಂದರು? ವರ್ಷಕ್ಕೊಮ್ಮೆ ಪುಣ್ಯಾಶ್ರಮದ ಜಾತ್ರೆಗೆ ಹೋಗಿ ಗದ್ದುಗೆಗೆ ನಮಸ್ಕರಿಸುವುದು ಸುಲಭ. ಅವರು ಪಟ್ಟ ಪಾಡಿನಲ್ಲಿ ನೂರರಲ್ಲೊಂದು ಪಾಲು ಪಡುವುದು ಬೇಡವಾಗಿದೆ.

ಕಲಿಸಲು ಸಾಮಗ್ರಿ ಇಲ್ಲವೇ? ಗದಗಿನಿಂದ ಮುಂಡರಗಿ ದಾರಿಯಲ್ಲಿ ಡಂಬಳದಲ್ಲಿ ಇಳಿಯಿರಿ. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಗೋಡೆಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುವಿನ ಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಒಂದರ ಮೇಲೊಂದು ಆರು ಚೌಕ ಎಳೆದರೆ 24 ಮೂಲೆ ಬರುತ್ತವೆ, ಆರೇ ಯಾಕೆ? ಹೊರಚಾಚಿದ ಮೂಲೆ 90 ಡಿಗ್ರಿ ಇದ್ದರೆ ಒಳಸೇರುವ ಮೂಲೆ 105 ಆಗಲೇಬೇಕು, ಯಾಕೆ? ಹಗ್ಗ, ಗೂಟ ಬಿಟ್ಟರೆ ಬೇರೇನೂ ಇಲ್ಲದೆ ಅಂಗಳದಲ್ಲಿ ಇದನ್ನು ಹೇಗೆ ಎಳೆಯುವುದು? ಹದಿನಾಲ್ಕರ ಮಗು ಒಂದು ವಾರ ತಲೆ ಕೆಡಿಸಿಕೊಳ್ಳುವಷ್ಟು ಗಣಿತ ಆ ಕಲ್ಲಿನಲ್ಲಿದೆ. ನಮ್ಮ ಶಾಲಾ ಪ್ರವಾಸಗಳು ಅಲ್ಲಿಗೆ ಹೋಗುವುದಿಲ್ಲವೆಂದಲ್ಲ. ಹೋಗಿ, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಬರುತ್ತವೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಣೆಯಾಯಿತು. ಒಂದೊಂದೇ ಹಕ್ಕಿ ಎಣಿಸದೆ ಇಡೀ ಹಿಂಡಿನ ಅಂದಾಜು ಮಾಡುವುದು ಹೇಗೆಂದು ದಡದಲ್ಲಿ ನಿಂತು ಯಾವ ಶಾಲೆ ಕಲಿಸಿದೆ? ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅದರ ಬುಡದಲ್ಲೇ ಕೂತು ನಮ್ಮ ಮಕ್ಕಳು ಶಿಲೆಯ ವಿಧಗಳನ್ನು ಗೈಡು ನೋಡಿ ಬಾಯಿಪಾಠ ಮಾಡುತ್ತಾರೆ.

ಶಾಲೆಯ ಯೋಜನೆ ಎಂದ ಕೂಡಲೇ ನಮ್ಮವರು ಎಕರೆ ಕೇಳುತ್ತಾರೆ. ಎಷ್ಟು ಜಾಗ, ಯಾವ ತಾಲೂಕಿಗೆ, ಯಾರ ಹೆಸರು, ಭೂಮಿಪೂಜೆಗೆ ಯಾವ ಸಚಿವರು, ಮಹಾದ್ವಾರದ ಕಮಾನು ಎಷ್ಟೆತ್ತರ. ಶಿರಹಟ್ಟಿಗೆ ಬೇಕೋ ಲಕ್ಷ್ಮೇಶ್ವರಕ್ಕೆ ಬೇಕೋ ಎಂಬ ಜಗಳದಲ್ಲೇ ಎರಡು ಚುನಾವಣೆ ಕಳೆದುಹೋಗುತ್ತವೆ. ಪಾಠ ಹೇಳುವವರು ಯಾರು ಎಂಬ ಪ್ರಶ್ನೆ ಕಡೆಗೂ ಬರುವುದಿಲ್ಲ. ಅಮೆರಿಕದ ನಾರ್ತ್ ಕರೊಲಿನಾ ರಾಜ್ಯ 1980ರಲ್ಲಿ ತನ್ನ ವಿಜ್ಞಾನ-ಗಣಿತ ವಸತಿ ಶಾಲೆಯನ್ನು ಆರಂಭಿಸಿದ್ದು ಮುಚ್ಚಿಹೋಗಿದ್ದ ಒಂದು ಹಳೆಯ ಆಸ್ಪತ್ರೆಯಲ್ಲಿ. 1963ರಲ್ಲಿ ಮಾಸ್ಕೋದಲ್ಲಿ ಊರುಕೇರಿಗಳ ಮಕ್ಕಳಿಗೆಂದು ವಸತಿ ಶಾಲೆ ಶುರುವಾದಾಗ ಜಗತ್ಪ್ರಸಿದ್ಧ ಗಣಿತಜ್ಞ ಕೊಲ್ಮೊಗೊರೊವ್ ಅರವತ್ತರ ವಯಸ್ಸಿನಲ್ಲಿ ತಾವೇ ಕೊಠಡಿಗೆ ಬಂದು ಪಾಠ ಮಾಡಿದರು. ನಮ್ಮ ಕಾಲೇಜುಗಳ ನಿವೃತ್ತ ಪ್ರಾಧ್ಯಾಪಕರು ಸಂಜೆ ಎಲ್ಲಿರುತ್ತಾರೆ? ಅಧ್ಯಕ್ಷತೆ ವಹಿಸಲು ಕರೆದರೆ ಬರುತ್ತಾರೆ. ಹತ್ತು ಹುಡುಗರ ಎದುರು ಚಾಕ್‌ಪೀಸು ಹಿಡಿಯಲು ಕರೆದರೆ ಮಂಡಿನೋವು.

“ಎಲ್ಲಾರೂ ಪಾಸಾಗಲಿ ಮೊದಲ, ಶಾಣ್ಯಾರಿಗೆ ಬ್ಯಾರೆ ಶಾಲಿ ಯಾಕ?” ಎಂಬ ತಕರಾರನ್ನು ಸಮಾನತೆಯ ಹೆಸರಿನಲ್ಲಿ ಎತ್ತುವವರಿದ್ದಾರೆ. ಈ ಮಾತಿನಲ್ಲಿ ನಿಜ ಇಲ್ಲದಿಲ್ಲ. ಪ್ರವೇಶಕ್ಕೆ ಕೋಚಿಂಗ್ ಶುರುವಾಗಿ, ಸೀಟೆಲ್ಲ ಪೇಟೆಯವರ ಪಾಲಾದರೆ ಅಂಥ ಶಾಲೆ ಇರದಿರುವುದೇ ಲೇಸು. ಆದರೆ ಈ ತಕರಾರು ಎತ್ತುವವರ ಸ್ವಂತ ಮಕ್ಕಳು ಎಲ್ಲಿ ಓದುತ್ತಿದ್ದಾರೆ ನೋಡಿ. ಉಳ್ಳವರ ಮಗುವಿಗೆ ಊರಲ್ಲಿ ಶಾಲೆ ಇರಲಿ ಬಿಡಲಿ, ಬೆಂಗಳೂರಿದೆ. ಶಾಲೆ ಇಲ್ಲದೆ ಹಾಳಾಗುವುದು ಬೆಟಗೇರಿಯ ನೇಕಾರರ ಮನೆಯ ಮಗು, ಸುಗ್ಗಿ ಮುಗಿದ ಮೇಲೆ ದುಡಿಯಲು ಗೋವಾಕ್ಕೆ ಹೋಗುವವರ ಮಗು. ಪಕ್ಕದ ಕೊಪ್ಪಳಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಇದೆ, ನಮಗಿಲ್ಲ ಎಂದು ಕೊರಗುವವರೂ ಇದ್ದಾರೆ. ನಿಜ, ಇಲ್ಲ. ಹಿಂದುಳಿದ ತಾಲೂಕುಗಳ ಲೆಕ್ಕ ಕೊಟ್ಟ ನಂಜುಂಡಪ್ಪ ವರದಿ 2002ರದು. ಇಷ್ಟು ವರ್ಷ ಅದನ್ನು ಅರ್ಜಿಗೆ ಲಗತ್ತಿಸಿದ್ದು ಬಿಟ್ಟು ಮತ್ತೇನು ಮಾಡಿದೆವು? ಗದಗ ತಾಲೂಕಿನ ಕಣಗಿನಹಾಳದ ರೈತರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಯಾವ ವಿಶೇಷ ಸ್ಥಾನಮಾನಕ್ಕೂ ಕಾದಿರಲಿಲ್ಲ. ದೇಶಕ್ಕೇ ಮಾದರಿಯಾದ ಆ ಸಂಘದ ಜಿಲ್ಲೆಯವರು ಇಪ್ಪತ್ತು ಮಕ್ಕಳ ಊಟದ ಖರ್ಚಿಗೆ ಸರ್ಕಾರದ ಮುಖ ನೋಡುತ್ತಿದ್ದೇವೆ. ಒಂದು ಪುರಸ್ಕಾರ ಸಮಾರಂಭದ ಶಾಮಿಯಾನ, ಹೂವು, ಊಟದ ಬಿಲ್ಲು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ.

ಬರುವ ಜೂನ್‌ನಲ್ಲೇ ಮಾಡಬಹುದಾದ ಕೆಲಸ ಇದು. ನಾಲ್ಕೂ ಊರಿನ ಎನ್‌ಎಂಎಂಎಸ್ ಪಟ್ಟಿ ತರಿಸಿ. ಪ್ರತಿ ಶಾಲೆಗೆ ಹೋಗಿ “ಅಂಕ ಬಿಡಿ, ನಿಮ್ಮನ್ನು ಪ್ರಶ್ನೆ ಕೇಳಿ ಸತಾಯಿಸುವ ಹುಡುಗ ಯಾರು, ಹುಡುಗಿ ಯಾರು” ಎಂದು ಶಿಕ್ಷಕರನ್ನು ಕೇಳಿ. ಬಂದವರಿಗೆ ಕನ್ನಡದಲ್ಲೇ ಐದು ಲೆಕ್ಕ ಕೊಟ್ಟು ಮೂರು ತಾಸು ಬಿಡಿ. ಉತ್ತರಕ್ಕಿಂತ ಕಚ್ಚಾ ಹಾಳೆ ನೋಡಿ. ದಾರಿ ತಪ್ಪಿದ ಮೇಲೂ ಬಿಡದೆ ಇನ್ನೊಂದು ದಾರಿ ಹುಡುಕಿದವರನ್ನು ಆರಿಸಿ. ಲಕ್ಷ್ಮೇಶ್ವರವಾಗಲಿ ಮುಂಡರಗಿಯಾಗಲಿ ಗದಗಿನಿಂದ ಹೆಚ್ಚೆಂದರೆ 40 ಕಿಲೋಮೀಟರಿನ ಆಸುಪಾಸು. 2023ರಿಂದ ಹುಡುಗಿಯರಿಗೆ ಸಾರಿಗೆ ಬಸ್ಸಿಗೆ ಟಿಕೆಟ್ಟೂ ಇಲ್ಲ. ಭಾನುವಾರ ಬೀಗ ಹಾಕಿರುವ ಯಾವುದಾದರೊಂದು ಕಾಲೇಜಿನ ಎರಡು ಕೊಠಡಿ, ಒಂದು ಪ್ರಯೋಗಾಲಯ, ಮಧ್ಯಾಹ್ನಕ್ಕೆ ರೊಟ್ಟಿ-ಪಲ್ಯ. ಪಾಠ ಮಾಡುವವರಿಗೆ ಗೌರವಧನ ಕೊಡಿ, ಶಾಲು ಬೇಡ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ತಿಂಗಳಿಗೊಬ್ಬ ಸಂಶೋಧನಾ ವಿದ್ಯಾರ್ಥಿಯನ್ನಾದರೂ ಕಳಿಸಿ ಎಂದು ಪತ್ರ ಬರೆಯಿರಿ, ಉತ್ತರ ಬಾರದಿದ್ದರೆ ಹೋಗಿ ಬಾಗಿಲಲ್ಲಿ ಕೂರಿ. ಎರಡನೆಯ ವರ್ಷಕ್ಕೆ ದೂರದ ಮಕ್ಕಳಿಗೆ ಯಾವುದಾದರೂ ಮಠದ ಪ್ರಸಾದ ನಿಲಯದಲ್ಲಿ ಹಾಸಿಗೆ ಕೇಳಿ, ಹುಡುಗಿಯರಿಗೆ ಮೊದಲು. ಕಟ್ಟಡದ ಮಾತು ಮೂರು ವರ್ಷದ ಮೇಲೆ, ಅದೂ ಅಷ್ಟೊತ್ತಿಗೆ ಮಕ್ಕಳೂ ಮೇಷ್ಟ್ರೂ ಇನ್ನೂ ಬರುತ್ತಿದ್ದರೆ.