ಸಮುದ್ರ ಕಲ್ಲಿನೊಳಗೇ ಐತಿ

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ಬಾಲಿಯ ಜ್ವಾಲಾಮುಖಿ ಬೆಟ್ಟ, ತುದಿಯಲ್ಲಿ ಸೂರ್ಯೋದಯ, ದೂರದಲ್ಲಿ ಸಮುದ್ರ. 'ಜಾಬ್ ಸಿಕ್ಕ ಮ್ಯಾಲೆ ಹೋಗೂಣಲೇ' ಅಂತ ಎಲ್ಲರೂ ಬರೆದೆವು. ಅಣ್ಣಿಗೇರಿ, ಕುಂದಗೋಳ ಕಡೆಯ ಎರಿಹೊಲದಾಗ ಬೆಳೆದವರು ನಾವು. ನವಲಗುಂದದ ಗುಡ್ಡ ಬಿಟ್ಟರೆ ಎತ್ತರ ಅನ್ನೋದೇ ಅಪರೂಪ. ಜ್ವಾಲಾಮುಖಿ ಎಲ್ಲಿಂದ ಬರಬೇಕು?

ಆದರೆ ಅಣ್ಣಿಗೇರಿ ದಾಟಿದರೆ ಗದಗ, ಗದಗ ದಾಟಿದರೆ ಕಪ್ಪತಗುಡ್ಡ. ಅದು ಜ್ವಾಲಾಮುಖಿಯಲ್ಲ, ಬೆಂಕಿ ಉಗುಳುವ ಬಾಯಿ ಅಲ್ಲಿಲ್ಲ. ಆದರೆ ಅಲ್ಲಿನ ಕಲ್ಲಿನಲ್ಲಿ ಒಂದು ಪಾಲು ಹಳೆಯ ಲಾವಾ. 250 ಕೋಟಿ ವರ್ಷಕ್ಕೂ ಹಿಂದೆ ಹರಿದು ಆರಿದ್ದು, ಆಮೇಲೆ ಒತ್ತಡಕ್ಕೆ, ಬಿಸಿಗೆ ಮಡಚಿ ರೂಪ ಬದಲಿಸಿದ್ದು. ಇದೇ ಶಿಲಾಪಟ್ಟಿ ದಕ್ಷಿಣಕ್ಕೆ ಚಿತ್ರದುರ್ಗದ ಕಡೆಗೆ ಹೋಗುತ್ತದೆ. ಅಲ್ಲಿ ಮರಡಿಹಳ್ಳಿಯಲ್ಲಿ ಲಾವಾ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುತ್ತದೆ. ಲಾವಾ ನೀರಿನಡಿ ಉಕ್ಕಿದಾಗ ಹೊರಮೈ ಕೂಡಲೇ ಗಟ್ಟಿಯಾಗಿ ಇಂಥ ದಿಂಬುಗಳಾಗುತ್ತವೆ. ಅಂದರೆ ಟ್ಯಾಂಕರ್ ನೀರಿಗೆ ಕಾಯುವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು! ಇವತ್ತಿನ ಸಮುದ್ರವೂ ಬೇಕೆಂದರೆ ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಅಲ್ಲಿನ ಲಾವಾ ಕಂಬಗಳಿಗೆ ಸುಮಾರು 8.8 ಕೋಟಿ ವರ್ಷ. ಕಪ್ಪತಗುಡ್ಡದ ಮುಂದೆ ಅವು ಕೂಸು.

ಒಂದು ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಅರಣ್ಯ ಇಲಾಖೆಯವರನ್ನು ಕೇಳಿಯೇ ಹತ್ತಿದೆವು. ನಮ್ಮೊಳಗಿನ ಸಿವಿಲ್‌ನವರು 'ಶಿಸ್ಟ್' ಅಂತ ಬರೆದು ಮಾರ್ಕ್ಸ್ ತಗೊಂಡವರು, ಆದರೆ ಕಾಲಡಿ ಇದ್ದ ಶಿಸ್ಟ್ ಗುರುತಿಸಲಿಲ್ಲ. ನಾಚಿಕೆ ಆಯ್ತು.

ಇನ್ನೂ ನಾಚಿಕೆಯ ಮಾತು ಬೇರೆ ಐತಿ. ಈ ಗುಡ್ಡದಲ್ಲಿ ಕಬ್ಬಿಣ, ಬಂಗಾರದ ಅದಿರೂ ಇದೆ. ಅದೇ ಇದಕ್ಕೆ ಕುತ್ತು. 2015ರಲ್ಲಿ ಸಂರಕ್ಷಿತ ಪ್ರದೇಶವಾಯಿತು, ಮರುವರ್ಷ ಆ ಆದೇಶ ಹಿಂದೆ ಹೋಯಿತು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಬಂತು. 2019ರಲ್ಲಿ ವನ್ಯಜೀವಿ ಧಾಮವಾಯಿತು. ಆಗ ಹೋರಾಡಿದವರಲ್ಲಿ ರೈತರಿದ್ದರು, ಮಠದ ಸ್ವಾಮಿಗಳಿದ್ದರು. ನಾಳೆ ಗಣಿ ಯಂತ್ರಕ್ಕೆ ಡಿಸೈನ್ ಮಾಡುವವರು ಮಾತ್ರ ನಾವು.

ಕಬ್ಬಿಣವೇ ಬೇಡ ಅಂತ ನಾವು ಹೇಳೋದಿಲ್ಲ. ಕಬ್ಬಿಣ ಇಲ್ಲದೆ ನಮ್ಮ ಓದೂ ಇಲ್ಲ, ಕೆಲಸವೂ ಇಲ್ಲ. ಊರಿನ ಹುಡುಗರಿಗೆ ಗಣಿಯಲ್ಲಿ ಕೆಲಸ ಸಿಗಬಹುದು ಅನ್ನೋದೂ ಸುಳ್ಳಲ್ಲ. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಅಂತ ಹೇಳುವವರು ಆ ಜಾಗವನ್ನು ಒಮ್ಮೆಯಾದರೂ ನಡೆದು ನೋಡಿರಬೇಕು. ಮ್ಯಾಪ್ ಮೇಲೆ ಅದು ಬರೀ ಅದಿರು.

ಅದಕ್ಕೆ ನಮ್ಮ ಮಾತು ಇಷ್ಟೇ: ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ದಿನ ಕಪ್ಪತಗುಡ್ಡಕ್ಕೆ ಬರ್ರಿ. ಒಯ್ದ ಪ್ಲಾಸ್ಟಿಕ್ ವಾಪಸ್ ತರ್ರಿ, ಕಲ್ಲು ಅಲ್ಲೇ ಬಿಡ್ರಿ. ಬಾಲಿ ಎಲ್ಲಿಗೂ ಹೋಗೋದಿಲ್ಲ. ಈ ಗುಡ್ಡದ ಬಗ್ಗೆ ಹಾಗೆ ಹೇಳೋ ಧೈರ್ಯ ನಮಗಿಲ್ಲ.