ತಂದೆಯ ಸಂಜೆಯ ಕಾಯಕ



ಬೈಲಹೊಂಗಲದ ಹತ್ತಿ ವ್ಯಾಪಾರಿ, ರಾಮದುರ್ಗದ ನೇಕಾರ, ಕಿತ್ತೂರಿನ ನೌಕರ, ಸವದತ್ತಿಯ ರೈತ ಇವರೆಲ್ಲರ ಕಾಯಕ ಬೇರೆ ಬೇರೆ. ಮನೆಯಲ್ಲಿ ತಂದೆಯ ದಾರಿ ಕಾಯುವ ಮಕ್ಕಳ ಕಣ್ಣು ಮಾತ್ರ ಒಂದೇ. ಶುಲ್ಕ ತುಂಬಿ, ಪಾಟಿಚೀಲ ಕೊಡಿಸಿದೊಡನೆ ತನ್ನ ಹೊಣೆ ಮುಗಿಯಿತೆಂದು ತಿಳಿಯುವ ತಂದೆಯರನ್ನು ನಾವು ನಾಲ್ಕೂ ತಾಲೂಕುಗಳಲ್ಲಿ ಕಾಣುತ್ತೇವೆ.

ಸವದತ್ತಿ ಸೀಮೆಯ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಪರರ ಮಕ್ಕಳಿಗಾಗಿ ಆ ಹಿರಿಯರು ಇಷ್ಟು ಮಾಡಿರುವಾಗ, ನಮ್ಮ ಮಕ್ಕಳಿಗೆ ನಾವು ದಿನಕ್ಕೊಂದು ತಾಸು ಕೊಡಲಾರೆವೆ?

ಸಂಜೆ ದೀಪ ಹಚ್ಚಿದ ಮೇಲೆ ಮೊಬೈಲು ಬದಿಗಿರಲಿ. ಮಗಳು ಮಗ್ಗಿ ಹೇಳಲಿ, ಮಗ ಪಾಠ ಓದಲಿ. ತಂದೆ ಕುಳಿತು ಕೇಳಲಿ, ತಪ್ಪಿದಲ್ಲಿ ಗದರದೆ ತಿದ್ದಲಿ. ಉಂಡ ತಾಟನ್ನು ತಾನೇ ತೊಳೆದಿಡಲಿ. ಮಗನೂ ಅದನ್ನು ಕಲಿಯುವನು. ಮುಂಜಾನೆ ತಂದೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತರೆ, ಮಕ್ಕಳು ವಿಭೂತಿ ಧರಿಸಿ ತಾವಾಗಿಯೇ ಪಕ್ಕದಲ್ಲಿ ಬಂದು ಕೂಡುವರು. ಹೇಳಿ ಕಲಿಸುವುದಕ್ಕಿಂತ ನಡೆದು ತೋರುವುದು ಮಿಗಿಲು.

ಬಾಲ್ಯವೆಂಬುದು ಬಿತ್ತಿಗೆಯ ಹದವಿದ್ದಂತೆ. ತಪ್ಪಿದರೆ ಮರಳಿ ಬಾರದು. ಹದವಿರುವಾಗಲೇ ಬಿತ್ತೋಣ.